ಹಳೆಯ ಸೆಟ್‌ಟಾಪ್ ಬಾಕ್ಸ್: ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು

ಪ್ರಶ್ನೆ: ಊರಿನ ಮನೆಯಲ್ಲಿ ಅಪ್ಪ-ಅಮ್ಮನಿಗೆ ಟಿ.ವಿ. ಹಾಕಿಕೊಡಬೇಕು. ತಿಂಗಳ ರೀಚಾರ್ಜ್ ಬೇಡವೆಂದು ಡಿಡಿ ಫ್ರೀ ಡಿಶ್ ಯೋಚಿಸಿದ್ದೇವೆ. ರಿಪೇರಿ ಅಂಗಡಿಯೊಂದರಲ್ಲಿ ಹತ್ತು ವರ್ಷ ಹಳೆಯ ಬಾಕ್ಸ್ 300 ರೂಪಾಯಿಗೆ ಸಿಗುತ್ತದೆ. ಕೊಳ್ಳಬಹುದೇ? (ಶಿರಸಿಯ ಓದುಗರು)

ಉತ್ತರ: ಬೆಲೆ ಆಮೇಲೆ, ಮೊದಲು ಬಾಕ್ಸ್ ಮಗುಚಿ ಅದರ ತಳದ ಚೀಟಿ ಓದಿ. ಎಂಪೆಗ್ ಎಂದರೆ ಚಿತ್ರವನ್ನು ಕುಗ್ಗಿಸಿ ಕಳಿಸುವ ಬಗೆ, ಡಿವಿಬಿ-ಎಸ್ ಎಂದರೆ ಅದನ್ನು ಉಪಗ್ರಹದ ತರಂಗಕ್ಕೆ ಏರಿಸುವ ಬಗೆ. ಎಂಪೆಗ್-2, ಡಿವಿಬಿ-ಎಸ್ ಎಂದಷ್ಟೇ ಬರೆದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಎಂಪೆಗ್-4 ಮತ್ತು ಡಿವಿಬಿ-ಎಸ್2 ಎರಡೂ ಇದ್ದು, ಹಿಂದೆ ಎಚ್‌ಡಿಎಂಐ ಕಿಂಡಿ ಇದ್ದರೆ 300 ರೂಪಾಯಿಗೆ ಒಳ್ಳೆಯ ಮಾಲು.

2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಈ ಸೇವೆ ಶುರುವಾದಾಗ ಚಾನೆಲ್‌ಗಳೆಲ್ಲ ಎಂಪೆಗ್-2ರಲ್ಲಿದ್ದವು. ಈಗ ಎರಡೂ ಬಗೆಯವು ಬರುತ್ತವೆ. ಯಾವ ಚಾನೆಲ್ ಯಾವುದರಲ್ಲಿ ಎಂಬುದು ಪ್ರಸಾರ ಭಾರತಿಯ ಹಂಚಿಕೆ, ಹರಾಜುಗಳ ಜೊತೆ ಬದಲಾಗುತ್ತಿರುತ್ತದೆ. ಇವತ್ತು ಹಳೆಯ ಬಾಕ್ಸಿನಲ್ಲಿ ಕಾಣುವ ಚಾನೆಲ್ ಮುಂದಿನ ವರ್ಷ ಕಾಣದೆ ಹೋಗಬಹುದು. ಸಾಫ್ಟ್‌ವೇರ್ ಹಾಕಿ ಸರಿಮಾಡಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಚಿತ್ರವನ್ನು ಬಿಡಿಸುವ ಕೆಲಸ ಚಿಪ್ಪಿನೊಳಗೇ ಅಚ್ಚಾಗಿರುತ್ತದೆ. ಎಂಪೆಗ್-2 ಚಿಪ್ ಇರುವ ಬಾಕ್ಸಿಗೆ ಎಂಪೆಗ್-4 ಚಾನೆಲ್ ಸಿಕ್ಕರೆ ಸಾಮಾನ್ಯವಾಗಿ ಧ್ವನಿ ಕೇಳುತ್ತದೆ, ಪರದೆ ಮಾತ್ರ ಕಪ್ಪಾಗಿರುತ್ತದೆ. ಡಿವಿಬಿ-ಎಸ್2 ತರಂಗವಾದರೆ ಸರ್ಚ್‌ನಲ್ಲಿ ಹೆಸರೂ ಕಾಣಿಸದು.

ಚೀಟಿ ಸರಿಯಿದ್ದರೆ ಅಂಗಡಿಯಲ್ಲೇ ಡಿಶ್‌ಗೆ ಜೋಡಿಸಿ ಅರ್ಧ ಗಂಟೆ ಓಡಿಸಿ. ಐದು ನಿಮಿಷದ ಪರೀಕ್ಷೆ ಸಾಲದು. ಹಳೆಯ ಬಾಕ್ಸ್‌ಗಳಲ್ಲಿ ಮೊದಲು ಸೋಲುವುದು ಪವರ್ ಸಪ್ಲೈನ ಕೆಪಾಸಿಟರ್. ತಣ್ಣಗಿದ್ದಾಗ ಸರಿಯಿರುವ ಬಾಕ್ಸ್ ಬಿಸಿಯಾದ ಮೇಲೆ ಚಿತ್ರ ಒಡೆಯುತ್ತದೆ, ಅಥವಾ ತಾನೇ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಮುಚ್ಚಳ ತೆಗೆಸಿ ನೋಡಿ: ಕೆಪಾಸಿಟರ್‌ನ ತಲೆ ಉಬ್ಬಿದ್ದರೆ ಬದಲಿಸಲೇಬೇಕು. ಹಾಕುವಾಗ ಅದೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟ್, 105 ಡಿಗ್ರಿ ಶಾಖ ತಡೆಯುವಂಥದ್ದು ಇರಲಿ. ಅದನ್ನು ಬಿಚ್ಚಿ ಹಾಕುವ ಕೆಲಸ ಮೆಕ್ಯಾನಿಕ್‌ಗೇ ಬಿಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್ ಸ್ವಲ್ಪ ಹೊತ್ತು ಶಾಕ್ ಹೊಡೆಯುತ್ತದೆ.

ಎರಡನೆಯ ಪರೀಕ್ಷೆ ಎಲ್‌ಎನ್‌ಬಿಗೆ (ಡಿಶ್‌ನ ಮುಂದೆ ಕೂತು ಉಪಗ್ರಹದ ಸಂಕೇತ ಹಿಡಿಯುವ ಪುಟ್ಟ ಸಾಧನ) ಹೋಗುವ ವಿದ್ಯುತ್ತಿನದು. ಕೇಬಲ್ ಸಿಕ್ಕಿಸುವ ಕಿಂಡಿಯಲ್ಲಿ ಮಲ್ಟಿಮೀಟರ್ ಇಟ್ಟರೆ ವರ್ಟಿಕಲ್ (ಲಂಬ ತರಂಗದ) ಚಾನೆಲ್‌ಗೆ ಸುಮಾರು 13 ವೋಲ್ಟ್, ಹಾರಿಜಾಂಟಲ್‌ಗೆ (ಅಡ್ಡ ತರಂಗದ್ದಕ್ಕೆ) 18 ವೋಲ್ಟ್ ತೋರಿಸಬೇಕು. ಏನೂ ಇಲ್ಲದಿದ್ದರೆ ಮೆನುವಿನಲ್ಲಿ ಎಲ್‌ಎನ್‌ಬಿ ಪವರ್ ಆನ್ ಇದೆಯೇ ನೋಡಿ. ಆನ್ ಇದ್ದೂ ವೋಲ್ಟ್ ಬರದಿದ್ದರೆ ಆ ಬಾಕ್ಸ್ ಬಿಟ್ಟುಬಿಡಿ. ರಿಮೋಟ್ ಇಲ್ಲದ ಬಾಕ್ಸನ್ನೂ ತರಬೇಡಿ. ಮುಂದಿನ ಬಟನ್‌ಗಳಿಂದ ಚಾನೆಲ್ ಬದಲಿಸಬಹುದೇ ಹೊರತು ಡಿಶ್ ಸೆಟಿಂಗ್ ಮಾಡಲು ಬಹುತೇಕ ಬಾಕ್ಸ್‌ಗಳಲ್ಲಿ ಆಗದು.

ಫ್ರೀ ಡಿಶ್ ಬರುವ ಉಪಗ್ರಹ, 93.5 ಡಿಗ್ರಿ ಪೂರ್ವದ ಜಿಸ್ಯಾಟ್-15, ಶಿರಸಿಯಿಂದ ಆಗ್ನೇಯಕ್ಕಿದೆ: ಉತ್ತರದಿಂದ ಪ್ರದಕ್ಷಿಣವಾಗಿ 127 ಡಿಗ್ರಿ, ನೆಲದಿಂದ ಸುಮಾರು 62 ಡಿಗ್ರಿ ಎತ್ತರ. ಮೆನುವಿನಲ್ಲಿ ಎಲ್‌ಎನ್‌ಬಿಗೆ 9750/10600 ಆಯ್ದುಕೊಳ್ಳಿ. ಅಲ್ಲಿ ಕಾಣುವ ಎರಡು ಪಟ್ಟಿಗಳಲ್ಲಿ ಸ್ಟ್ರೆಂತ್ ನೋಡಿ ಮೋಸಹೋಗಬೇಡಿ. ಎಲ್‌ಎನ್‌ಬಿ ಆನ್ ಆದರೆ ಸಾಕು, ಡಿಶ್ ಎತ್ತ ತಿರುಗಿದ್ದರೂ ಅದು ಏರಿರುತ್ತದೆ. ಉಪಗ್ರಹ ಸಿಕ್ಕಿದ್ದನ್ನು ಹೇಳುವುದು ಕ್ವಾಲಿಟಿ. ಅದು ಅರ್ಧಕ್ಕೇ ನಿಂತರೆ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿಸಿ, ಹೆಚ್ಚು ತೋರಿಸುವಲ್ಲಿ ಬಿಗಿಮಾಡಿ. ಎಷ್ಟೋ ಮನೆಗಳಲ್ಲಿ ಈ ಒಂದು ಕೆಲಸ ಮಾಡದೆ ಬಾಕ್ಸ್ ಕೆಟ್ಟಿದೆ ಎಂದುಬಿಡುತ್ತಾರೆ. ನಿಮ್ಮ ಕಡೆಯ ಮಳೆಗೆ 60 ಸೆಂ.ಮೀ. ಡಿಶ್ ಸಾಲದು, 90 ಸೆಂ.ಮೀ. ಹಾಕಿಸಿ. ಕನೆಕ್ಟರ್‌ಗೆ ನೀರು ಇಳಿಯದ ಹಾಗೆ ಟೇಪ್ ಸುತ್ತಿಸಿ.

ಬಾಕ್ಸ್ ಕೊಳ್ಳುವ ಮೊದಲು ಟಿ.ವಿ.ಯ ಹಿಂಭಾಗವನ್ನೂ ನೋಡಿ. ಈಚಿನ ಕೆಲವು ಟಿ.ವಿ.ಗಳಲ್ಲಿ ಉಪಗ್ರಹದ ಟ್ಯೂನರ್ ಒಳಗೇ ಇದೆ. ತಿರುಪಿನ ಕಿಂಡಿಯ ಪಕ್ಕ ಎಲ್‌ಎನ್‌ಬಿ ಅಥವಾ ಸ್ಯಾಟಲೈಟ್ ಎಂದು ಬರೆದಿದ್ದರೆ ಡಿಶ್ ಕೇಬಲನ್ನು ನೇರವಾಗಿ ಅಲ್ಲಿಗೆ ಹಾಕಿ ನೋಡಬಹುದು.

ಪ್ರಶ್ನೆ: ಬಾಡಿಗೆಯವರು ಮನೆ ಖಾಲಿ ಮಾಡುವಾಗ ಟಾಟಾ ಪ್ಲೇ ಬಾಕ್ಸ್, ಡಿಶ್ ಎರಡನ್ನೂ ನಮಗೇ ಮಾರುತ್ತೇವೆ ಎನ್ನುತ್ತಿದ್ದಾರೆ. ಫ್ರೀ ಡಿಶ್‌ಗೆ ಬಳಸಬಹುದೇ? (ಮೈಸೂರಿನ ಓದುಗರು)

ಉತ್ತರ: ಬಾಕ್ಸ್ ಬೇಡ. ಕಂಪನಿಗಳ ಬಾಕ್ಸ್ ಅವರವರ ಕಾರ್ಡಿಗೆ, ಗ್ರಾಹಕರ ಖಾತೆಗೆ ಕಟ್ಟುಬಿದ್ದಿರುತ್ತದೆ. ಒಂದು ಕಂಪನಿಯದು ಇನ್ನೊಂದಕ್ಕೆ ಆಗದು, ಫ್ರೀ ಡಿಶ್‌ಗೂ ಒಗ್ಗದು. ಡಿಶ್, ಕಂಬ, ಕೇಬಲ್ ಅವರ ಸ್ವಂತದ್ದಾದರೆ ಖಂಡಿತ ಕೊಳ್ಳಿ. ಅದು 83 ಡಿಗ್ರಿ ಪೂರ್ವದ ಕಡೆ ನೋಡುತ್ತಿರುತ್ತದೆ. ಮೈಸೂರಿನಲ್ಲಿ ಅದನ್ನು ಫ್ರೀ ಡಿಶ್‌ನ ಉಪಗ್ರಹಕ್ಕೆ ಹೊಂದಿಸಲು ಪೂರ್ವಕ್ಕೆ ಸುಮಾರು 27 ಡಿಗ್ರಿ ತಿರುಗಿಸಿ, ಎತ್ತರ 8 ಡಿಗ್ರಿ ಇಳಿಸಬೇಕು. ಎಲ್‌ಎನ್‌ಬಿ ಮೇಲೆ 9750/10600 ಇಲ್ಲದಿದ್ದರೆ ಬೇರೆಯದು ಹಾಕಿಸಿ.

ಪ್ರಶ್ನೆ: ಎಂಟು ಅಡಿಯ ಜಾಲರಿ ಡಿಶ್‌ನಲ್ಲಿ ವರ್ಷಗಳಿಂದ ಚಾನೆಲ್ ನೋಡುತ್ತಿದ್ದೆವು. ಹತ್ತಿರ 5ಜಿ ಟವರ್ ಬಂದ ಮೇಲೆ ಚಿತ್ರ ಚೂರುಚೂರು. ಬಾಕ್ಸ್ ಬದಲಿಸಲೇ? (ಗದಗ ಜಿಲ್ಲೆಯ ಓದುಗರು)

ಉತ್ತರ: ಬದಲಿಸಬೇಡಿ, ನೀವು ಹೇಳುವ ಲಕ್ಷಣ ಎಲ್‌ಎನ್‌ಬಿಯತ್ತ ಬೆರಳು ತೋರಿಸುತ್ತದೆ. ದೊಡ್ಡ ಜಾಲರಿ ಡಿಶ್‌ಗೆ ಹಾಕುವ ಸಿ-ಬ್ಯಾಂಡ್ ಎಲ್‌ಎನ್‌ಬಿಗಳಲ್ಲಿ ಹಲವು 3400ರಿಂದ 4200 ಮೆಗಾಹರ್ಟ್ಸ್‌ವರೆಗೆ ಎಲ್ಲವನ್ನೂ ಒಳಗೆ ಬಿಟ್ಟುಕೊಳ್ಳುತ್ತವೆ. 2022ರಲ್ಲಿ 5ಜಿಗೆ ಹರಾಜಾದ ತರಂಗಗಳಲ್ಲಿ 3300ರಿಂದ 3670ರ ಪಟ್ಟಿಯೂ ಇದೆ. ಉಪಗ್ರಹದ ಕ್ಷೀಣ ಸಂಕೇತದ ಮುಂದೆ ಪಕ್ಕದ ಟವರ್‌ನದು ಅಬ್ಬರ, ಎಲ್‌ಎನ್‌ಬಿ ಕಂಗೆಡುತ್ತದೆ. 3700ರಿಂದ 4200ನ್ನು ಮಾತ್ರ ಬಿಡುವ ಫಿಲ್ಟರ್ ಬೇಕು. ಅದು ಕೂರಬೇಕಾದದ್ದು ಎಲ್‌ಎನ್‌ಬಿಯ ಮುಂದೆ. ಕೇಬಲ್‌ನಲ್ಲಿ ಸಿಕ್ಕಿಸುವ ಫಿಲ್ಟರ್‌ಗೆ ಸಂಕೇತ ಬರುವ ಹೊತ್ತಿಗೆ ಹಾನಿ ಆಗಿಬಿಟ್ಟಿರುತ್ತದೆ. ನಿಮ್ಮದು ಫೀಡ್ (ತರಂಗವನ್ನು ಎಲ್‌ಎನ್‌ಬಿಗೆ ಸೇರಿಸುವ ಬಾಯಿ) ಮತ್ತು ಎಲ್‌ಎನ್‌ಬಿ ಒಂದೇ ಅಚ್ಚಿನದಾದರೆ ನಡುವೆ ಫಿಲ್ಟರ್ ಹಾಕಲು ಜಾಗವಿರದು, 5ಜಿ ಫಿಲ್ಟರ್ ಒಳಗೇ ಇರುವ ಎಲ್‌ಎನ್‌ಬಿ ಕೇಳಿ ತನ್ನಿ. 3700ಕ್ಕಿಂತ ಕೆಳಗಿನ ಚಾನೆಲ್‌ಗಳು ಮಾತ್ರ ಆಮೇಲೆ ಬರುವುದಿಲ್ಲ.