ಕಾಲುವೆಯ ಮೇಲಿನ ಹೊಲ, ಕೆಳಗಿನ ಹೊಲ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಇಂಥ ಎರಡು ನದಿಗಳ ನಡುವೆ ಇದ್ದೂ ರಾಯಚೂರು ಜಿಲ್ಲೆಯ ಜನ ನಿಮ್ಮ ಬೆಂಗಳೂರಿಗೆ ದುಡಿಯಲು ಯಾಕೆ ಬರುತ್ತಾರೆ ಅಂತ ನೀವು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ನದಿ ಇದ್ದಲ್ಲಿ ಜನ ನೆಲೆ ನಿಲ್ಲುತ್ತಾರೆ ಅಂತಲೇ ನಾವೆಲ್ಲ ಶಾಲೆಯಲ್ಲಿ ಓದಿದ್ದು. ಪುಸ್ತಕದಲ್ಲಿ ಮಳೆಗೆ ಒಂದು ಪಾಠ, ಮಣ್ಣಿಗೆ ಒಂದು ಪಾಠ, ಜನಸಂಖ್ಯೆಗೆ ಕೊನೆಯಲ್ಲಿ ಇನ್ನೊಂದು ಪಾಠ. ನಮ್ಮ ಜಿಲ್ಲೆಯಲ್ಲಿ ಈ ಮೂರನ್ನೂ ಬೇರೆ ಬೇರೆ ಓದಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಮೊದಲು ಮಳೆ. ಅರಬ್ಬಿ ಸಮುದ್ರದಿಂದ ಬರುವ ಮೋಡಗಳು ಪಶ್ಚಿಮ ಘಟ್ಟ ಹತ್ತುವಾಗಲೇ ಬಹುಪಾಲು ಸುರಿದುಬಿಡುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಬೀಳುತ್ತದೆ. ಘಟ್ಟ ದಾಟಿ ನಮ್ಮ ತನಕ ಬರುವಾಗ ಅದು 600ರಿಂದ 700 ಮಿ.ಮೀ.ಗೆ ಇಳಿದಿರುತ್ತದೆ. ಮಳೆ ನೆರಳಿನ ಪ್ರದೇಶ ಅನ್ನುವುದು ಇದಕ್ಕೇ. ಅಷ್ಟಾದರೂ ಹದವಾಗಿ ಬಂದರೆ ಸಾಕು. ಆದರೆ ಜೂನ್ ತಿಂಗಳ ಮೃಗಶಿರಾ ಮಳೆಗೆ ಬಿತ್ತಿದವರು ನಂತರ ವಾರಗಟ್ಟಲೆ ಆಕಾಶ ನೋಡುತ್ತ ಕೂರಬೇಕಾಗುತ್ತದೆ. ಆಮೇಲೆ ಸೆಪ್ಟೆಂಬರಿನಲ್ಲಿ ಉತ್ತರೆ, ಹಸ್ತ ಮಳೆ ಒಮ್ಮೆಲೇ ಹೊಡೆಯುತ್ತವೆ. ವರ್ಷದ ಒಟ್ಟು ಲೆಕ್ಕ ಸರಿಯಾಗಿಯೇ ಇರುತ್ತದೆ, ಮುಂಗಾರಿ ಬೆಳೆ ಮಾತ್ರ ಕೈಗೆ ಬಂದಿರುವುದಿಲ್ಲ.

ಈ ಮಳೆಯನ್ನು ಹಿಡಿದಿಟ್ಟುಕೊಳ್ಳುವುದು ಮಣ್ಣು. ನಮ್ಮಲ್ಲಿ ಎರೆ ಹೊಲ ಇದೆ, ಮಸಾರಿ ಹೊಲವೂ ಇದೆ. ಎರೆ ಅಂದರೆ ಕಪ್ಪು ಮಣ್ಣು. ಬೇಸಿಗೆಯಲ್ಲಿ ಅದು ಬಾಯಿ ಬಿಟ್ಟಿರುತ್ತದೆ, ಬಿರುಕಿನೊಳಗೆ ಅಂಗೈ ಇಳಿಯುತ್ತದೆ. ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಂಡು ಚಪ್ಪಲಿಗೆ ಕಿತ್ತರೂ ಬಾರದಂತೆ ಅಂಟುತ್ತದೆ. ಒಮ್ಮೆ ಕುಡಿದ ನೀರನ್ನು ತಿಂಗಳುಗಟ್ಟಲೆ ಬಿಡುವುದಿಲ್ಲ. ಹಿಂಗಾರಿ ಬಿಳಿಜೋಳ ಬೆಳೆಯುವುದು ಹೀಗೇ. ಮಳೆ ನಿಂತ ಮೇಲೂ ಬೇರು ಕೆಳಗಿನ ತೇವ ಹುಡುಕಿಕೊಂಡು ಹೋಗುತ್ತದೆ. ಮಸಾರಿ ಕೆಂಪು ಮಣ್ಣು. ಉಳುವುದು ಸುಲಭ, ನೀರು ನಿಲ್ಲುವುದಿಲ್ಲ. ಸಜ್ಜೆ, ಶೇಂಗಾ, ತೊಗರಿ ಹಾಕುತ್ತಾರೆ. ಹದಿನೈದು ಇಪ್ಪತ್ತು ದಿನ ಮಳೆ ತಪ್ಪಿದರೆ ಬಾಡುತ್ತವೆ. ಹೀಗಾಗಿ ಒಂದೇ ಊರಿನಲ್ಲಿ, ಒಂದೇ ಮಳೆಯ ಕೆಳಗೆ, ಒಂದು ಮನೆಯವರು ಜೋಳ ಕೊಯ್ಯುತ್ತಿರುವಾಗ ಪಕ್ಕದ ಮನೆಯವರು ಊರು ಬಿಡಲು ಗಂಟು ಕಟ್ಟುತ್ತಿರುತ್ತಾರೆ.

ಇಷ್ಟಿದ್ದೂ ನದಿ ಯಾಕೆ ಕೈ ಹಿಡಿಯಲಿಲ್ಲ? ನದಿ ಹರಿಯುವುದು ಕೆಳಗೆ, ಹೊಲಗಳಿರುವುದು ಮೇಲೆ. ಕೃಷ್ಣೆಯ ಪಾತ್ರವಂತೂ ಬಂಡೆಗಲ್ಲಿನದು, ತಗ್ಗಿನಲ್ಲಿದೆ. ದಡದ ಊರಿನವರಿಗೂ ನೀರು ಕಣ್ಣಿಗೆ ಕಾಣುತ್ತದೆ, ಹೊಲಕ್ಕೆ ಏರುವುದಿಲ್ಲ. ಏರಿಸಬೇಕಾದರೆ ಪಂಪು ಬೇಕು. ಇಲ್ಲವಾದರೆ ಮೇಲ್ಗಡೆ ಎಲ್ಲೋ ಅಣೆಕಟ್ಟು ಕಟ್ಟಿ, ಅಲ್ಲಿಂದ ಇಳಿಜಾರು ಹಿಡಿದು ಕಾಲುವೆ ತರಬೇಕು.

ಅಂಥ ದೊಡ್ಡ ಕಾಲುವೆ ಮೊದಲು ಬಂದದ್ದು ತುಂಗಭದ್ರೆಯಿಂದ. ಹೊಸಪೇಟೆಯ ಹತ್ತಿರ 1945ರಲ್ಲಿ ಅಣೆಕಟ್ಟಿನ ಕೆಲಸ ಶುರುವಾಯಿತು. 1953ರಲ್ಲಿ ನೀರು ಬಿಟ್ಟರು. ಆಗ ನಾವು ಹೈದರಾಬಾದ್ ರಾಜ್ಯದಲ್ಲಿದ್ದೆವು. ಎಡದಂಡೆ ಕಾಲುವೆ ಸುಮಾರು 227 ಕಿ.ಮೀ. ಉದ್ದ. ಗಂಗಾವತಿ, ಸಿಂಧನೂರು, ಮಾನ್ವಿ ಭಾಗ ದಾಟಿ ರಾಯಚೂರಿನ ಕಡೆ ಬರುತ್ತದೆ. ನೀವು ಬಂದಾಗ ಈ ಕಾಲುವೆಯ ಏರಿಯ ಮೇಲೆ ಒಮ್ಮೆ ನಿಲ್ಲಿ. ನೀರು ಹೋಗುವ ದಿಕ್ಕಿಗೆ ಮುಖ ಮಾಡಿದರೆ ಬಲಗಡೆ ನದಿಯ ತನಕ ಇಳಿಜಾರು. ಅಲ್ಲಿ ತೂಬುಗಳಿವೆ, ಉಪಕಾಲುವೆಗಳಿವೆ, ಹಸಿರು ಗದ್ದೆಗಳಿವೆ. ಎಡಗಡೆ ನೆಲ ಮೇಲೇರುತ್ತದೆ. ನೀರು ಮೇಲೆ ಹತ್ತುವುದಿಲ್ಲವಲ್ಲ, ಅದೆಲ್ಲ ಖುಷ್ಕಿ, ಮಳೆಯನ್ನೇ ನಂಬಿದ ಹೊಲ. ಮಳೆ ಅದೇ, ಬಿಸಿಲೂ ಅದೇ. ಒಂದು ಏರಿಯ ಆಚೆ ಈಚೆ ಬದುಕೇ ಬೇರೆ. ನೈಸರ್ಗಿಕ ಪರಿಸರ, ಮಾನವ ನಿರ್ಮಿತ ಪರಿಸರ ಅಂತ ಮಕ್ಕಳಿಗೆ ಕಲಿಸುವುದಿದ್ದರೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಕಾಲುವೆಯ ಕೆಳಗಿದ್ದವರೆಲ್ಲ ಸುಖವಾಗಿದ್ದಾರೆ ಅಂತಲೂ ಅಲ್ಲ. ಈ ಯೋಜನೆಯಲ್ಲಿ ಭತ್ತಕ್ಕೆ ಇಟ್ಟಿದ್ದು ಸ್ವಲ್ಪ ಭಾಗ ಮಾತ್ರ. ಉಳಿದದ್ದು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳಿಗೆ. ಜಾಸ್ತಿ ಊರುಗಳಿಗೆ ನೀರು ಮುಟ್ಟಲಿ ಅನ್ನುವುದು ಉದ್ದೇಶ. ಆದರೆ ಕಾಲುವೆ ಶುರುವಾಗುವ ಕಡೆಯ ಊರುಗಳಲ್ಲಿ ಭತ್ತ ಹರಡಿತು. ಎರೆ ಮಣ್ಣಿನಲ್ಲಿ ವರ್ಷಗಟ್ಟಲೆ ನೀರು ನಿಲ್ಲಿಸಿದರೆ ಅಡಿಯ ಉಪ್ಪು ಮೇಲೆ ಬರುತ್ತದೆ. ಕಾಲುವೆ ಭಾಗದಲ್ಲಿ ಎಷ್ಟೋ ಹೊಲ ಸವಳು ಜವಳಾಗಿವೆ, ಅಂದರೆ ಉಪ್ಪೇರಿ ಜೌಗಾಗಿವೆ. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಪದರ ಕಾಣುತ್ತದೆ, ಅಲ್ಲಿ ಹುಲ್ಲೂ ಸರಿಯಾಗಿ ಏಳುವುದಿಲ್ಲ. ಅತ್ತ ಕೊನೆ ಭಾಗದ ಮಾನ್ವಿ, ಸಿರವಾರ, ರಾಯಚೂರು ಕಡೆಯವರಿಗೆ ನೀರೇ ಸಾಲದು. ಕಾಲುವೆಯ ಗೇಜ್, ಅಂದರೆ ನೀರಿನ ಮಟ್ಟ, ಇವತ್ತು ಎಷ್ಟು ಅಡಿ ಇದೆ ಅನ್ನುವುದೇ ಚಹಾದ ಅಂಗಡಿಯಲ್ಲಿ ಮೊದಲ ಮಾತು. ಅಣೆಕಟ್ಟಿನಲ್ಲೇ ಹೂಳು ತುಂಬಿ, ಮೊದಲು ಸುಮಾರು 133 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು) ಇದ್ದ ಸಾಮರ್ಥ್ಯ ಈಗ 106ಕ್ಕೂ ಕಡಿಮೆ ಆಗಿದೆ. 2024ರ ಆಗಸ್ಟಿನಲ್ಲಿ 19ನೇ ಗೇಟು ಕಿತ್ತುಹೋದಾಗ ಇಲ್ಲಿ ಎಷ್ಟೋ ಮನೆಗಳಲ್ಲಿ ನಿದ್ದೆ ಇರಲಿಲ್ಲ. ಹರಿದುಹೋಗುತ್ತಿದ್ದದ್ದು ನಮ್ಮ ಎರಡನೇ ಬೆಳೆಯ ನೀರು.

ಇನ್ನು ಜನ. ವಲಸೆ ಅಂದರೆ ಬಡ ಊರು ಬಿಟ್ಟು ಸಿರಿವಂತ ಊರಿಗೆ ಹೋಗುವುದು ಅಂತ ಸಾಮಾನ್ಯವಾಗಿ ಅಂದುಕೊಳ್ಳುತ್ತೇವೆ. ನಮ್ಮ ಜಿಲ್ಲೆ ಜನರನ್ನು ಕಳಿಸುತ್ತದೆ, ಕರೆಸಿಕೊಳ್ಳುತ್ತದೆ, ಅದೂ ಒಂದೇ ಕಾಲದಲ್ಲಿ. ಕಾಲುವೆ ಬಂದ ಮೇಲೆ ಆಂಧ್ರದ ಕರಾವಳಿ ಕಡೆಯಿಂದ ಭತ್ತ ಬೆಳೆದು ಗೊತ್ತಿದ್ದ ರೈತರು ಬಂದು ಜಮೀನು ಕೊಂಡರು. ಅವರ ಊರುಗಳಿಗೆ ಇವತ್ತಿಗೂ ಕ್ಯಾಂಪ್ ಅಂತಲೇ ಕರೆಯುತ್ತೇವೆ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ. ಸಿಂಧನೂರು ತಾಲ್ಲೂಕಿನಲ್ಲಿ ಬಂಗಾಳಿ ಮಾತಾಡುವ ಕ್ಯಾಂಪುಗಳೂ ಇವೆ. ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರಿಗೆ ಸರ್ಕಾರ ಅಲ್ಲಿ ಭೂಮಿ ಕೊಟ್ಟು ನೆಲೆ ಮಾಡಿಕೊಟ್ಟಿತು. ದಸರೆ ಹೊತ್ತಿಗೆ ಅಲ್ಲಿ ದುರ್ಗಾಪೂಜೆ ನಡೆಯುತ್ತದೆ. ಎಲ್ಲಿಯ ಗಂಗೆಯ ಬಯಲು, ಎಲ್ಲಿಯ ಸಿಂಧನೂರು!

ಅದೇ ಹೊತ್ತಿಗೆ ಲಿಂಗಸುಗೂರು, ದೇವದುರ್ಗ, ಮಾನ್ವಿಯ ಖುಷ್ಕಿ ಊರುಗಳಿಂದ ಜನ ಗುಳೆ ಹೋಗುತ್ತಾರೆ, ಅಂದರೆ ಕೆಲವು ತಿಂಗಳು ದುಡಿಯಲು ಊರು ಬಿಡುತ್ತಾರೆ. ದೀಪಾವಳಿ ಕಳೆದು ಸುಗ್ಗಿ ಮುಗಿಯುತ್ತ ಬಂದಂತೆ ಮೇಸ್ತ್ರಿ ಮುಂಗಡ ಕೊಟ್ಟು ಹೋಗಿರುತ್ತಾನೆ. ಬೆಂಗಳೂರು, ಹೈದರಾಬಾದ್, ಪುಣೆ. ಕಟ್ಟಡದ ಕೆಲಸವೇ ಜಾಸ್ತಿ. ಗಂಡ, ಹೆಂಡತಿ, ಕೈಗೂಸು ಹೋಗುತ್ತಾರೆ. ಅಜ್ಜ ಅಜ್ಜಿ ದನ ನೋಡಿಕೊಂಡು ಊರಲ್ಲಿ ಉಳಿಯುತ್ತಾರೆ. ಶಾಲೆಗೆ ಹೋಗುವ ಮಗುವನ್ನು ಬಿಟ್ಟು ಹೋಗಬೇಕೋ ಕರೆದುಕೊಂಡು ಹೋಗಬೇಕೋ ಅನ್ನುವುದು ಪ್ರತಿ ಮನೆಯ ಸಂಕಟ. ಮಗಳು ದೊಡ್ಡವಳಾಗಿದ್ದರೆ ಚಿಕ್ಕದನ್ನು ಎತ್ತಿಕೊಳ್ಳಲು ಅವಳೂ ಬೇಕು. ಜನವರಿಯಲ್ಲಿ ಇಲ್ಲಿನ ಯಾವುದಾದರೂ ಹಳ್ಳಿ ಶಾಲೆಯ ಹಾಜರಿ ಪುಸ್ತಕ ತೆರೆದು ನೋಡಿ. ಕೆಲವು ಹೆಸರುಗಳ ಮುಂದೆ ಗೈರು ಅಂತ ಸಾಲಾಗಿ ಬರೆದಿರುತ್ತದೆ, ಯುಗಾದಿಯ ತನಕ, ಕೆಲವೊಮ್ಮೆ ಪರೀಕ್ಷೆಯ ಆಚೆಗೂ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75 ದಾಟಿದ್ದಾಗ ನಮ್ಮದು ಶೇ 60ರ ಹತ್ತಿರ ನಿಂತಿತ್ತು. ಮಕ್ಕಳಿಗೆ ಬುದ್ಧಿ ಕಡಿಮೆ ಅಂತಲ್ಲ, ಮೇಷ್ಟ್ರು ಸರಿಯಿಲ್ಲ ಅಂತಲೂ ಅಲ್ಲ. ಆ ಗೈರಿನ ಸಾಲು ಶುರುವಾಗುವುದು ಮಸಾರಿ ಹೊಲದಲ್ಲಿ.

ಉದ್ಯೋಗ ಖಾತ್ರಿ ಯೋಜನೆ 2006ರಲ್ಲಿ ಮೊದಲ ಹಂತದಲ್ಲೇ ನಮ್ಮ ಜಿಲ್ಲೆಗೆ ಬಂತು. ಮನೆಗೆ 100 ದಿನದ ಕೆಲಸ ಅಂತ ಆಗಿನ ಕಾನೂನು. ಕೆಲಸ ಹೊತ್ತಿಗೆ ಸರಿಯಾಗಿ ಸಿಕ್ಕ ಊರುಗಳಲ್ಲಿ ಜನ ಉಳಿದದ್ದನ್ನು ನೋಡಿದ್ದೇನೆ. ಕೂಲಿ ತಡವಾದರೆ ಬಸ್ ಹತ್ತುತ್ತಾರೆ. ವಾರಕ್ಕೊಮ್ಮೆ ಕೈಗೆ ದುಡ್ಡು ಬರುವ ಕಡೆಗೆ ಹೋಗದೆ ಇನ್ನೇನು ಮಾಡಿಯಾರು?

ಜನಸಂಖ್ಯೆಯ ಪಾಠದ ಅಂಕಿಗಳನ್ನೂ ಇದೇ ಕಣ್ಣಿನಿಂದ ಓದಬೇಕು. 2011ರಲ್ಲಿ ಜಿಲ್ಲೆಯ ಜನಸಂಖ್ಯೆ 19,28,812. ಚದರ ಕಿ.ಮೀ.ಗೆ 228 ಜನ, ರಾಜ್ಯದ ಸರಾಸರಿ 319. ಆದರೆ ಈ 228 ಯಾವ ಊರಿನ ಸಂಖ್ಯೆಯೂ ಅಲ್ಲ. ಕಾಲುವೆಯ ಕೆಳಗೆ ಊರಿಗೆ ಊರು ಅಂಟಿಕೊಂಡಿದೆ, ಮೇಲೆ ಹೋದರೆ ಕಣ್ಣು ಹಾಯುವಷ್ಟು ದೂರ ಬರೀ ಹೊಲ. ಇನ್ನೊಂದು ಮುಖ್ಯ ವಿಷಯ. ಆ ಎಣಿಕೆ ನಡೆದದ್ದು ಫೆಬ್ರುವರಿಯಲ್ಲಿ, ಲೆಕ್ಕ ಹಿಡಿದದ್ದು ಮಾರ್ಚ್ 1ಕ್ಕೆ. ಎಣಿಕೆಯ ಅಷ್ಟೂ ದಿನ ಊರಲ್ಲಿ ಇಲ್ಲದವರನ್ನು ಅವರು ಇದ್ದ ಜಾಗದಲ್ಲೇ ಎಣಿಸಬೇಕು ಅನ್ನುವುದು ನಿಯಮ. ಗುಳೆ ಜೋರಾಗಿರುವುದೂ ಆ ತಿಂಗಳುಗಳಲ್ಲೇ. ಕಟ್ಟಡದ ಪಕ್ಕದ ತಗಡಿನ ಶೆಡ್ಡಿಗೆ ಎಣಿಸುವವರು ಹೋಗದಿದ್ದರೆ ಆ ಮನೆ ಎರಡೂ ಕಡೆ ತಪ್ಪಿಹೋಗುತ್ತದೆ. ಊರಿನ ಪಟ್ಟಿಯಿಂದ ಹೆಸರು ತಪ್ಪಿದರೆ ಅದು ಬರೀ ಅಂಕಿಯ ವಿಷಯ ಅಲ್ಲ, ಅಲ್ವಾ? ಯಾವ ಹಳ್ಳಿಗೆ ಎಷ್ಟು ಬೇಕು ಅನ್ನುವ ಲೆಕ್ಕ ಹಾಕುವವರು ಈ ಪಟ್ಟಿಯನ್ನೇ ಎದುರಿಗೆ ಇಟ್ಟುಕೊಳ್ಳುತ್ತಾರೆ.

ರಾಜ್ಯದ ಗಡಿ ಇಲ್ಲಿನ ಬದುಕಿಗೆ ಏನು ಮಾಡಿತು ಅಂತಲೂ ಕೇಳಿದ್ದಿರಿ. 1956ರ ನವೆಂಬರ್ 1ರಂದು ಭಾಷೆಯ ಮೇಲೆ ರಾಜ್ಯಗಳ ಗೆರೆ ಎಳೆದಾಗ ಅಲ್ಲಿಯತನಕ ರಾಯಚೂರು ಜಿಲ್ಲೆಯಲ್ಲೇ ಇದ್ದ ಗದ್ವಾಲ, ಆಲಂಪುರ ಆಚೆ ಹೋದವು. ಈಗ ಅವು ತೆಲಂಗಾಣದಲ್ಲಿವೆ. ತುಂಗಭದ್ರೆಯ ಆ ದಡದ ಮಂತ್ರಾಲಯ ಆಂಧ್ರದಲ್ಲಿದೆ. ಗೆರೆ ಬಿದ್ದರೂ ಸಂಬಂಧ ಕಡಿಯಲಿಲ್ಲ. ಹೆಣ್ಣು ಕೊಡುವುದು ತರುವುದು ನಡೆದೇ ಇದೆ. ಆಚೆಯ ಹತ್ತಿ ಇವತ್ತಿಗೂ ರಾಯಚೂರಿನ ಮಾರುಕಟ್ಟೆಗೆ ಬರುತ್ತದೆ. ಗಡಿ ಊರಿನಲ್ಲಿ ಒಬ್ಬ ಮುದುಕಿ ಮೊಮ್ಮಗಳ ಹತ್ತಿರ ಕನ್ನಡ, ಸೊಸೆಯ ಹತ್ತಿರ ತೆಲುಗು, ಬಳೆ ಮಾರುವವನ ಹತ್ತಿರ ಉರ್ದು ಮಾತಾಡುತ್ತಾಳೆ. ಜನಗಣತಿಯ ಕಾಗದದಲ್ಲಿ ಮಾತೃಭಾಷೆಗೆ ಇರುವುದು ಒಂದೇ ಜಾಗ.

ಮುಂದಿನ ಜನಗಣತಿಗೂ 2027ರ ಮಾರ್ಚ್ 1ನ್ನೇ ಗೊತ್ತು ಮಾಡಿದ್ದಾರೆ. ಅಂದರೆ ನಮ್ಮವರು ಮತ್ತೆ ನಿಮ್ಮ ಊರಲ್ಲೇ ಇರುತ್ತಾರೆ. ನಿಮ್ಮ ಬಡಾವಣೆಗೆ ಎಣಿಸುವವರು ಬಂದಾಗ ಪಕ್ಕದ ಸೈಟಿನ ಶೆಡ್ಡುಗಳನ್ನೂ ತೋರಿಸಿ. ಅಲ್ಲಿರುವವರ ಹತ್ತಿರ ನಿಮ್ಮದು ಯಾವೂರು, ಎರೆಯೋ ಮಸಾರಿಯೋ ಅಂತ ಕೇಳಿ ನೋಡಿ. ಈ ಉತ್ತರದಲ್ಲಿ ನಾನು ಬಿಟ್ಟದ್ದನ್ನೆಲ್ಲ ಅವರೇ ಹೇಳುತ್ತಾರೆ.