ಕೈಯಲ್ಲಿ ಮಾಡಿದ ಐರಿಷ್ ಬುಜೂಕಿಯ ಮೇಲ್ಹಲಗೆ ಕುದುರೆಯ ಕೆಳಗೆ ಕುಸಿಯುವುದೇಕೆ?

ಐರಿಷ್ ಬುಜೂಕಿ ಉದ್ದ ಕುತ್ತಿಗೆಯ, ಎಂಟು ತಂತಿಗಳ ಮೀಟುವಾದ್ಯ. ಅದರ ಮೇಲ್ಹಲಗೆ ಕುಸಿಯಲು ಹೆಚ್ಚಾಗಿ ಎರಡು ಕಾರಣ: ಕುದುರೆಯ (ತಂತಿಗಳನ್ನು ಹಲಗೆಯಿಂದ ಎತ್ತಿ ಹಿಡಿಯುವ ತುಂಡು, ಬ್ರಿಜ್) ಮೇಲೆ ತಂತಿಗಳು ತೀರಾ ಕಡಿದಾಗಿ ಬಾಗಿರುತ್ತವೆ, ಇಲ್ಲವೇ ಹಲಗೆಯ ಒಳಬದಿಗೆ ಅಂಟಿಸಿದ ಅಡ್ಡಪಟ್ಟಿಗಳ ಎತ್ತರ ಸಾಲದು.

ಜಿ-ಡಿ-ಎ-ಡಿ ಸ್ವರಗಳ ಶ್ರುತಿಗೆ ಬಿಗಿದ ಎಂಟು ತಂತಿಗಳ ಒಟ್ಟು ಎಳೆತ ಸುಮಾರು 70 ಕೆಜಿ. ತಂತಿಗಳನ್ನು ವಾದ್ಯದ ಬುಡದಲ್ಲಿರುವ ಟೇಲ್‌ಪೀಸ್‌ಗೆ (ತಂತಿಯ ತುದಿ ಹಿಡಿಯುವ ಭಾಗ) ಕಟ್ಟಿ, ಕುದುರೆಯನ್ನು ಅಂಟಿಸದೆ ನಿಲ್ಲಿಸುವ ಮಾದರಿಯಲ್ಲಿ ಈ ಎಳೆತದ ಒಂದು ಪಾಲು ಹಲಗೆಯನ್ನು ಕೆಳಕ್ಕೆ ಒತ್ತುತ್ತದೆ. ತಂತಿ 12 ಡಿಗ್ರಿ ಬಾಗಿದ್ದರೆ ಆ ಒತ್ತಡ ಸುಮಾರು 15 ಕೆಜಿ, 20 ಡಿಗ್ರಿಯಾದರೆ 24 ಕೆಜಿ. ಹಗಲೂ ರಾತ್ರಿ ಅಷ್ಟು ಭಾರ ಹೊತ್ತ 3 ಮಿ.ಮೀ. ದಪ್ಪದ ಸ್ಪ್ರೂಸ್ ಮರದ ಹಲಗೆ ತಿಂಗಳುಗಳಲ್ಲಿ ನಿಧಾನವಾಗಿ ಇಳಿಯುತ್ತದೆ, ತಂತಿ ಸಡಿಲಿಸಿದರೂ ಪೂರ್ತಿ ಮೇಲೇಳುವುದಿಲ್ಲ.

ಹಲಗೆ ದಪ್ಪ ಮಾಡಬೇಡಿ, ನಾದ ಸಾಯುತ್ತದೆ. ಪಟ್ಟಿಯ ಎತ್ತರ ಹೆಚ್ಚಿಸಿ. ಪಟ್ಟಿಯ ಬಿಗಿತ (ಬಾಗದೆ ತಡೆಯುವ ಗುಣ) ಎತ್ತರದ ಘನಕ್ಕೆ ಅನುಗುಣವಾಗಿ ಏರುವುದರಿಂದ 12 ಮಿ.ಮೀ. ಪಟ್ಟಿಯನ್ನು 15 ಮಾಡಿದರೆ ಬಿಗಿತ ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ. ಅಗಲವನ್ನು ಅಷ್ಟೇ ಪ್ರಮಾಣದಲ್ಲಿ ಹೆಚ್ಚಿಸಿದರೆ ಬಿಗಿತ ಏರುವುದು ಕಾಲುಭಾಗದಷ್ಟು ಮಾತ್ರ. ಪಟ್ಟಿಯ ವಾರ್ಷಿಕ ಉಂಗುರದ ಗೆರೆಗಳು ಹಲಗೆಗೆ ಲಂಬವಾಗಿ ನಿಲ್ಲಲಿ.

ಕುತ್ತಿಗೆಯ ಕೋನವನ್ನು ಅಂಟು ಹಾಕುವ ಮೊದಲೇ ನೋಡಿಕೊಳ್ಳಿ: ಫ್ರೆಟ್‌ಗಳ (ಕುತ್ತಿಗೆಯ ಮೇಲಿನ ಲೋಹದ ಅಡ್ಡಗೆರೆಗಳು) ಮೇಲೆ ಉದ್ದನೆಯ ನೇರಪಟ್ಟಿ ಇಟ್ಟು, ಅದು ಕುದುರೆಯ ಜಾಗದಲ್ಲಿ ಹಲಗೆಯಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಿರಿ. ಆ ಎತ್ತರ ಹೆಚ್ಚಿದಷ್ಟೂ ಕುದುರೆಯೂ ಎತ್ತರವಾಗಬೇಕು, ತಂತಿಯ ಬಾಗೂ ಹೆಚ್ಚುತ್ತದೆ.

ಇನ್ನೊಂದು ವಿಷಯ, ಪಟ್ಟಿಗಳನ್ನು ಮಳೆಗಾಲದ ತೇವದಲ್ಲಿ ಅಂಟಿಸಬೇಡಿ. ಹಲಗೆ ಆಮೇಲೆ ಒಣಗಿ ಅಡ್ಡಕ್ಕೆ ಕುಗ್ಗುತ್ತದೆ, ಪಟ್ಟಿ ಉದ್ದಕ್ಕೆ ಕುಗ್ಗುವುದಿಲ್ಲ. ಆಗ ಹಲಗೆ ತಗ್ಗುತ್ತದೆ ಅಥವಾ ಸೀಳುತ್ತದೆ. ಕೋಣೆಯ ಆರ್ದ್ರತೆ ಶೇ. 45ರ ಆಸುಪಾಸಿನಲ್ಲಿರಲಿ.