ಮನೆಯವರ ಫೋಟೋ, ಪ್ರವಾಸದ ಫೋಟೋ ತೆಗೆಯಲು ಹಿನ್ನೆಲೆ ಚೆನ್ನಾಗಿ ಬ್ಲರ್ ಆಗುವ ಸಣ್ಣ ಕ್ಯಾಮೆರಾ ಯಾವುದು? ಬಜೆಟ್ 60 ಸಾವಿರ

ಬ್ಲರ್ ಬೇಡ. ಕ್ಯಾಮೆರಾ ವಿಷಯ ಆಮೇಲೆ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಾನೂ ಇದೇ ಪ್ರಶ್ನೆಯನ್ನು ಕಂಡಕಂಡವರಿಗೆಲ್ಲ ಕೇಳುತ್ತಿದ್ದವನು, ಅದಕ್ಕೇ ಮೊದಲು ನನ್ನ ಕಥೆ ಕೇಳಿ.

ನಮ್ಮದು ತೀರ್ಥಹಳ್ಳಿ ಕಡೆ. ಹಳೇ ತೊಟ್ಟಿ ಮನೆ, ಮುಂದೆ ಉದ್ದಕ್ಕೂ ಜಗಲಿ, ಜಗಲಿಗೆ ಕೆತ್ತನೆಯ ಮುಂಡಿಗೆಗಳು, ಅಂದರೆ ಮರದ ಕಂಬಗಳು. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದಾಗ ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ) ಕೊಂಡೆ, ಅದರ ಬೆನ್ನಿಗೇ 50 ಎಂಎಂ ಎಫ್ 1.8 ಲೆನ್ಸ್. ಊರಿಗೆ ಹೋಗಿ ಅಮ್ಮನ ಫೋಟೋ ತೆಗೆದೆ. ಮುಖವೊಂದೇ ಎದ್ದು ಬಂತು, ಹಿಂದಿನದೆಲ್ಲ ಕರಗಿತ್ತು. ಅಮ್ಮ ಸ್ಕ್ರೀನ್ ನೋಡಿ, 'ಸ್ಟುಡಿಯೋದಲ್ಲಿ ತೆಗೆದ ಹಾಗಿದೆ' ಅಂದರು. ಅಷ್ಟು ಸಾಕಾಯಿತು. ಅಂದಿನಿಂದ ಆ ಲೆನ್ಸ್ ಕ್ಯಾಮೆರಾದಿಂದ ಇಳಿಯಲಿಲ್ಲ, ಅಪರ್ಚರ್ 1.8 ಬಿಟ್ಟು ಕದಲಲಿಲ್ಲ. ಅಪರ್ಚರ್ ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ; ಅಂಕಿ ಸಣ್ಣದಾದಷ್ಟೂ ಕಿಂಡಿ ದೊಡ್ಡದು, ಬ್ಲರ್ ಹೆಚ್ಚು. ಅಡಿಕೆ ಸುಲಿಯುವುದು, ತುಳಸಿ ಪೂಜೆ, ತಂಗಿಯ ಮದುವೆಯ ದಿಬ್ಬಣ ಹೊರಟದ್ದು, ಎಲ್ಲವೂ 1.8.

ಆಮೇಲೆ ಹಿಸ್ಸೆಯಾಯಿತು. ಮನೆ ದೊಡ್ಡಪ್ಪನ ಪಾಲಿಗೆ ಬಂತು. ಗೆದ್ದಲು ಹಿಡಿದ ಮನೆ, ರಿಪೇರಿಗೂ ಹೊಸದಕ್ಕೂ ಒಂದೇ ಖರ್ಚು ಅಂತ ಕಳಚಿಸಿದರು. ಅವರು ಮಾಡಿದ್ದು ಸರಿಯೇ. ಹೊಸ ಮನೆ ಏಳುವಾಗ ದೊಡ್ಡಪ್ಪನ ಮಗ ಫೋನ್ ಮಾಡಿದ. 'ಅಣ್ಣ, ಮುಂಬಾಗಿಲ ಎಡಗಡೆ ಮುಂಡಿಗೆ ಇತ್ತಲ್ಲ, ಅದರ ಒಂದು ಫೋಟೋ ಕಳಿಸು. ಆಚಾರ್ರು ಅದೇ ಥರ ಕೆತ್ತಿ ಕೊಡ್ತೀನಿ ಅಂದಿದಾರೆ. ನಿನ್ನ ಹತ್ರ ರಾಶಿ ಫೋಟೋ ಇದಾವಲ್ಲ.'

ರಾಶಿಯೇ ಇದ್ದವು. ಹಾರ್ಡ್ ಡಿಸ್ಕ್ ತೆಗೆದು ಕೂತೆ. ಅಮ್ಮ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿರುವ ಫೋಟೋ: ರೆಪ್ಪೆಯ ಒಂದೊಂದು ಕೂದಲು ಎಣಿಸಬಹುದು, ಮೂಗುಬೊಟ್ಟಿನ ಹರಳಿನಲ್ಲಿ ಅಂಗಳದ ಬೆಳಕು ಕಾಣುತ್ತದೆ. ಅಮ್ಮನ ಬೆನ್ನ ಹಿಂದೆ ಮುಂಡಿಗೆ ಇರಬೇಕಾದ ಜಾಗದಲ್ಲಿ ಒಂದು ಕಂದು ಬಣ್ಣದ ಪಟ್ಟೆ. ಮುಂದಿನ ಫೋಟೋದಲ್ಲಿ ಅಪ್ಪಯ್ಯ, ಹಿಂದೆ ಮತ್ತೆ ಅದೇ ಪಟ್ಟೆ. ಬಚ್ಚಲ ಒಲೆಯ ಮುಂದೆ ಅಜ್ಜಿ ಕೂತ ಫೋಟೋದಲ್ಲಿ ಹಂಡೆ ಒಂದು ಹೊಳೆಯುವ ಉಂಡೆ, ಅಷ್ಟೇ. ಅಮ್ಮ ಯಾವ ಕತ್ತಿಯಲ್ಲಿ ಸುಲಿಯುತ್ತಿದ್ದರು ಅಂತಲೂ ತಿಳಿಯುವುದಿಲ್ಲ, ಅದು ಮುಂದಿನ ಕಡೆ ಬ್ಲರ್ ಆಗಿದೆ.

ಇಲ್ಲಿ ಆದ ತಪ್ಪನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ನೀವು ದುಡ್ಡು ಕೊಟ್ಟು ಅದನ್ನೇ ಕೊಳ್ಳಲು ಹೊರಟಿದ್ದೀರಿ. ನನ್ನದರಂಥ ಎಪಿಎಸ್-ಸಿ ಎಂಬ ಮಧ್ಯಮ ಅಳತೆಯ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಇರುವ ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸ್ ಹಾಕಿ, ಅಪರ್ಚರ್ 1.8ಕ್ಕೆ ತೆರೆದು, ಎರಡು ಮೀಟರ್ ದೂರದವರ ಕಣ್ಣಿಗೆ ಫೋಕಸ್ ಮಾಡಿದರೆ ಸ್ಪಷ್ಟವಾಗಿ ಬರುವ ಆಳ ಸುಮಾರು 11 ಸೆಂಟಿಮೀಟರ್. ಒಂದು ಮುಖದ ಆಳ ಅದು. ಅದರ ಹಿಂದಿನದೂ ಮುಂದಿನದೂ ಹೋಯಿತು. ಫೋಕಸ್ ತಪ್ಪಿದ್ದಲ್ಲ, ಕೈ ಅಲುಗಿದ್ದಲ್ಲ, ಲೆನ್ಸ್ ಕೆಟ್ಟದ್ದೂ ಅಲ್ಲ. ಬೇಕಂತಲೇ ಅಳಿಸಿದ್ದು ನಾನು. ಅಮ್ಮನ ಮುಖ ನನಗೆ ಫೋಟೋ ಇಲ್ಲದೆಯೂ ಗೊತ್ತು. ಮುಂಡಿಗೆಯ ಮೇಲೆ ಇದ್ದದ್ದು ಬಳ್ಳಿಯೋ ಕಮಲವೋ, ಹುಟ್ಟಿದಾಗಿನಿಂದ ನೋಡಿಯೂ ನನಗೆ ಗೊತ್ತಿರಲಿಲ್ಲ. ಫೋಟೋ ಬೇಕಿದ್ದದ್ದು ಅದಕ್ಕೆ. ಸಾಫ್ಟ್‌ವೇರಿನಲ್ಲಿ ಶಾರ್ಪ್ ಮಾಡಿದರೆ ಬಂದೀತಾ ಅಂತಲೂ ನೋಡಿದೆ. ಫೈಲಿನಲ್ಲಿ ಇಲ್ಲದ ಕೆತ್ತನೆಯನ್ನು ಯಾವ ಸಾಫ್ಟ್‌ವೇರೂ ತರಲಾರದು, ಊಹಿಸಿ ಬೇರೆ ಏನನ್ನೋ ಬರೆದೀತು.

ಮುಂಡಿಗೆ ಕೊನೆಗೆ ಸಿಕ್ಕಿದ್ದು ತಂಗಿಯ ಮಗ ತೆಗೆದ ಫೋಟೋದಲ್ಲಿ. ನನ್ನ ಹಳೇ ಪವರ್‌ಶಾಟ್ ಎಂಬ ಸಣ್ಣ ಕ್ಯಾಮೆರಾವನ್ನು ಆಡಲಿಕ್ಕೆ ಅಂತ ಅವನ ಕೈಗೆ ಕೊಟ್ಟಿದ್ದೆ. ಫೋಟೋ ಓರೆಯಾಗಿದೆ, ಅಪ್ಪಯ್ಯನ ತಲೆ ಅರ್ಧ ಕತ್ತರಿಸಿದೆ. ಆದರೆ ಮುಂಡಿಗೆ ಬುಡದಿಂದ ತುದಿವರೆಗೆ ಇದೆ, ಗೋಡೆಯ ಕ್ಯಾಲೆಂಡರಿನ ತಿಂಗಳು ಓದಲು ಬರುತ್ತದೆ, ಮೆಟ್ಟಿಲ ಕೆಳಗೆ ಯಾರ್‍ಯಾರ ಚಪ್ಪಲಿ ಅಂತ ಅಮ್ಮ ಈಗಲೂ ಗುರುತಿಸುತ್ತಾರೆ. ಆಚಾರ್ರಿಗೆ ಅದನ್ನೇ ಕಳಿಸಿದೆವು.

ಹುಡುಗನ ಅದೃಷ್ಟವಲ್ಲ ಅದು, ಸಣ್ಣ ಕ್ಯಾಮೆರಾದ ಗುಣ. ಸೆನ್ಸರ್ ಸಣ್ಣದಾದಷ್ಟೂ ಅದೇ ದೃಶ್ಯ ಹಿಡಿಸಲು ಬೇಕಾದ ಲೆನ್ಸಿನ ಫೋಕಲ್ ಲೆಂತ್ (50 ಎಂಎಂ ಅಂತ ಹೇಳುವ ಆ ಅಳತೆ) ಕಡಿಮೆ, ಅದು ಕಡಿಮೆಯಾದಷ್ಟೂ ಸ್ಪಷ್ಟವಾಗಿ ಬರುವ ಆಳ ಹೆಚ್ಚು. ಅಂಥ ಕ್ಯಾಮೆರಾದ ಸೆನ್ಸರ್ ಅಗಲ ಸುಮಾರು 6 ಎಂಎಂ, ಜೂಮ್ ಮಾಡದೆ ಇದ್ದಾಗ ಫೋಕಲ್ ಲೆಂತ್ 5 ಎಂಎಂ ಆಸುಪಾಸು. ಎರಡು ಮೀಟರ್ ದೂರಕ್ಕೆ ಫೋಕಸ್ ಮಾಡಿದರೂ ಒಂದು ಮೀಟರಿನ ಒಳಗಿಂದ ಹಿಡಿದು ಎದುರಿನ ಗುಡ್ಡದವರೆಗೆ ಎಲ್ಲ ಸ್ಪಷ್ಟ. ಇದನ್ನು ಸಣ್ಣ ಕ್ಯಾಮೆರಾದ ಕೊರತೆ ಅಂತ ಯೂಟ್ಯೂಬಿನಲ್ಲಿ ಹೇಳುತ್ತಾರೆ. ಮನೆಯ ಫೋಟೋಕ್ಕೆ ಇದಕ್ಕಿಂತ ದೊಡ್ಡ ವರ ಇಲ್ಲ.

ಅಪ್ಪಯ್ಯನ ಹತ್ತಿರ ಆಗ್ಫಾ ಕ್ಲಿಕ್ 3 ಇತ್ತು, ಬರೋಡಾದಲ್ಲಿ ತಯಾರಾಗುತ್ತಿದ್ದ ಕ್ಯಾಮೆರಾ. 120 ಅನ್ನುವ ಅಳತೆಯ ಫಿಲಂ ರೋಲ್ ಹಾಕಿದರೆ 12 ಚೌಕ ಫೋಟೋ. ಜನರನ್ನು ಸ್ವಲ್ಪ ದೂರ ಬಿಸಿಲಿಗೆ ನಿಲ್ಲಿಸಿ ತೆಗೆಯಬೇಕಿತ್ತು. ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡಿರುತ್ತಾರೆ. ಆದರೆ ಹಿಂದೆ ಕೊಟ್ಟಿಗೆ ಇದೆ, ಒಣಹಾಕಿದ ಸೀರೆ ಇದೆ, ಆಗ ಇನ್ನೂ ಇದ್ದ ಬಾವಿಕಟ್ಟೆ ಇದೆ. ಆ ಆಲ್ಬಮ್ ಹಿಡಿದರೆ ನಮ್ಮ ಮನೆಯಲ್ಲಿ ಒಂದು ಮಧ್ಯಾಹ್ನದ ಮಾತು. ನನ್ನ ಡಿಎಸ್‌ಎಲ್‌ಆರ್ ಫೋಟೋಗಳನ್ನು 'ಚೆನ್ನಾಗಿದೆ' ಅಂದು ಮುಂದೆ ದಾಟಿಸುತ್ತಾರೆ.

ಪ್ರವಾಸಕ್ಕೂ ಇದೇ ಮಾತು. ಹಂಪಿಯಲ್ಲಿ ಮಗಳದ್ದು ತೆಗೆದ ಫೋಟೋಗಳಿವೆ, ವಿಜಯ ವಿಠ್ಠಲ ದೇವಸ್ಥಾನವೋ ಲಾಲ್‌ಬಾಗಿನ ಬಂಡೆಯೋ ಅಂತ ಹೇಳಲಾಗದು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಚಿತ್ರಿಸಿದ. ಅವನ ಫೋಟೋದಲ್ಲಿ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಇವತ್ತು ಹೋದರೆ ಅದಿಲ್ಲ. 50 ರೂಪಾಯಿ ನೋಟಿನ ಹಿಂದೆ ಇರುವ ರಥಕ್ಕೂ ಶಿಖರವಿಲ್ಲ. ಕಲ್ಲೇ ಇಷ್ಟು ಬದಲಾಗುವಾಗ ನಿಮ್ಮ ಊರಿನ ಬಸ್‌ಸ್ಟ್ಯಾಂಡ್, ಸಂತೆ, ಹೋಟೆಲು ಇನ್ನೆಷ್ಟು ದಿನ ಹೀಗೇ ಇದ್ದಾವು? ಮಗುವನ್ನು ಅದರ ಮುಂದೆ ನಿಲ್ಲಿಸಿ, ಎರಡೂ ಕಾಣುವ ಹಾಗೆ ತೆಗೆಯಿರಿ.

ಈಗ ಕ್ಯಾಮೆರಾ. 60 ಸಾವಿರ ಪೂರ್ತಿ ಸುರಿಯಬೇಡಿ. 'ಒಂದು ಇಂಚು' ಅಂತ ಕರೆಯುವ, ಎಪಿಎಸ್-ಸಿಗಿಂತ ಸಣ್ಣ ಸೆನ್ಸರಿನ ಸೋನಿ ಆರ್‌ಎಕ್ಸ್ 100 (2012ರದ್ದು, ಸುಮಾರು 240 ಗ್ರಾಂ) ಅಥವಾ ಅದರ ನಂತರದ ಯಾವುದಾದರೂ ಮಾದರಿ ಸೆಕೆಂಡ್ ಹ್ಯಾಂಡ್ ಸಿಕ್ಕರೆ ತೆಗೆದುಕೊಳ್ಳಿ. ಅಂಗಿ ಜೇಬಿಗೆ ಭಾರವಾದರೂ ಪ್ಯಾಂಟ್ ಜೇಬಿಗೆ ಇಳಿಯುತ್ತದೆ. ಜೂಮ್ ಮಾಡದೆ, ಅಪರ್ಚರ್ 4ಕ್ಕೆ ಇಟ್ಟರೆ ಹೊರಾಂಗಣದಲ್ಲಿ ಜನರೂ ಜಾಗವೂ ಎರಡೂ ಸಿಗುತ್ತವೆ. ಮನೆಯೊಳಗೆ ಕತ್ತಲಿದ್ದರೆ ಅಪರ್ಚರ್ ತೆರೆಯುವ ಬದಲು ಐಎಸ್ಒ (ಕಡಿಮೆ ಬೆಳಕಿನಲ್ಲೂ ಫೋಟೋ ಬೆಳ್ಳಗೆ ಬರಿಸುವ ಸೆಟ್ಟಿಂಗ್) ಏರಿಸಿ, ಸ್ವಲ್ಪ ಕಾಳು ಕಾಳಾಗಿ ಬಂದರೆ ಬರಲಿ. ಡಿಎಸ್‌ಎಲ್‌ಆರ್ ಈಗಾಗಲೇ ಮನೆಯಲ್ಲಿದ್ದರೆ ಹೊಸದು ಬೇಡವೇ ಬೇಡ: ಜೊತೆಗೆ ಬಂದ 18-55 ಲೆನ್ಸನ್ನು 18ಕ್ಕೆ, ಅಪರ್ಚರನ್ನು 8ಕ್ಕೆ ಇಟ್ಟು ಎರಡು ಮೀಟರಿಗೆ ಫೋಕಸ್ ಮಾಡಿ. ಒಂದು ಮೀಟರಿನಿಂದ ಆಚೆ ಇರುವುದೆಲ್ಲ ಸಿಕ್ಕಿತು.

ಫೋನ್ ಸಾಲದೇ ಅಂತ ಕೇಳುವವರಿಗೆ: ಸಾಕು, ಹಿನ್ನೆಲೆ ಬ್ಲರ್ ಮಾಡುವ ಪೋರ್ಟ್ರೇಟ್ ಮೋಡ್ ಮುಟ್ಟದಿದ್ದರೆ. ಆದರೂ ನನಗೆ ಸಣ್ಣ ಕ್ಯಾಮೆರಾವೇ ಇಷ್ಟ. ಅದರಲ್ಲಿ ವಾಟ್ಸಾಪ್ ಇಲ್ಲ. ಫೋಟೋ ತೆಗೆದು ಜೇಬಿಗೆ ಹಾಕಿದರೆ ಮತ್ತೆ ಊಟದ ಪಂಕ್ತಿಗೆ ಬಂದು ಕೂರುತ್ತೀರಿ. ಹತ್ತು ವರ್ಷದ ಹುಡುಗನ ಕೈಗೂ, ಎಪ್ಪತ್ತರ ಅತ್ತೆಯ ಕೈಗೂ ಧೈರ್ಯವಾಗಿ ಕೊಡಬಹುದು, ಹಾಗೆ ಕೊಟ್ಟಾಗಲೇ ನೀವೂ ಫೋಟೋದೊಳಗೆ ಬರುವುದು.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಜೂಮನ್ನು ಒಳಗೆ ಹೊರಗೆ ನಾಲ್ಕು ಸಲ ಆಡಿಸಿ, ಕರಕರ ಸದ್ದು ಬಂದರೆ ಬಿಟ್ಟುಬಿಡಿ. ಅಪರ್ಚರ್ ಆದಷ್ಟು ಕಿರಿದು ಮಾಡಿ ಬಿಳಿ ಗೋಡೆಯ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಬೂದು ಚುಕ್ಕೆ ಕಂಡರೆ ಸೆನ್ಸರಿನ ಮೇಲೆ ಧೂಳಿದೆ, ಬಿಚ್ಚದೆ ಅದನ್ನು ತೆಗೆಯಲಾಗದು. ಮಲೆನಾಡು, ಕರಾವಳಿಯವರ ಹತ್ತಿರ ಕೊಂಡರೆ ಲೆನ್ಸಿಗೆ ಟಾರ್ಚ್ ಬಿಟ್ಟು ಬೂಷ್ಟು ಹಿಡಿದಿದೆಯೇ ಅಂತಲೂ ನೋಡಿ, ಕೊಂಡ ಮೇಲೆ ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಉಳಿದ ದುಡ್ಡಲ್ಲಿ ಎರಡು ಹಾರ್ಡ್ ಡಿಸ್ಕ್ ಕೊಂಡು ಒಂದನ್ನು ತಂಗಿಯ ಮನೆಯಲ್ಲೋ ಅಣ್ಣನ ಮನೆಯಲ್ಲೋ ಇಡಿ, ಮಿಕ್ಕದ್ದು ಪ್ರಿಂಟಿಗೆ.